ಹೆಡ್‌ಲೈಟ್ ಫುಲ್ ಉರೀತದೆ, ಸೆಲ್ಫ್ (ಸ್ಟಾರ್ಟರ್ ಮೋಟಾರ್) ಬರೀ ಟಕ್ ಅಂತದಾ? ಸೆಲ್ಫ್ ಬಿಚ್ಚಕ್ಕೆ ಬಿಡಬೇಡಿ

ಸಕಲೇಶಪುರ ಹಾಸನ ರೋಡಲ್ಲಿ ಗಾಡಿ ಓಡಿಸೋರು, ಅದ್ರಲ್ಲೂ ಹಳೇ ಗಾಡಿ ಇಟ್ಕೊಂಡಿರೋರು ಇದನ್ನ ಪೂರ್ತಿ ಓದಿ. ಕಾಫಿ ಸೀಸನ್ನಲ್ಲಿ ಲೋಡ್ ಮೇಲಿದ್ದಾಗ ಗಾಡಿ ಕೈ ಕೊಟ್ರೆ ನಮ್ ಅವಸರಾನೇ ಬಂಡವಾಳ ಮಾಡ್ಕೊಳೋ ಜನ ಹೈವೇ ಪಕ್ಕ ಕೂತಿದಾರೆ. ಅಂಗಡಿ ಹೆಸ್ರು ಹಾಕಲ್ಲ, ಹಾಕಿ ಪ್ರಯೋಜ್ನಾನೂ ಇಲ್ಲ, ಇವತ್ತು ಇಲ್ಲಿರೋನು ನಾಳೆ ಇನ್ನೊಂದ್ ಕಡೆ ಬೋರ್ಡ್ ಹಾಕಿರ್ತಾನೆ.

ನಮ್ದು ಹಳೇ ಟಾಟಾ 407, ಮೆಕ್ಯಾನಿಕಲ್ ಪಂಪಿನ ಡೀಸೆಲ್ ಗಾಡಿ, ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಹಾನುಬಾಳು ಕಡೆ ಎಸ್ಟೇಟಿಂದ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ತುಂಬ್ಕೊಂಡು ಹಾಸನದ ಕ್ಯೂರಿಂಗ್ ವರ್ಕ್ಸ್‌ಗೆ (ಸಿಪ್ಪೆ ತೆಗೆದು ಬೀಜ ಮಾಡೋ ಕಡೆ) ಬರ್ತಿತ್ತು. ಬಾಳ್ಳುಪೇಟೆ ಹತ್ರ ನಮ್ ಡ್ರೈವರ್ ಟೀ ಕುಡಿಯಕ್ಕೆ ನಿಲ್ಸಿದಾನೆ, ವಾಪಸ್ ಬಂದು ಕೀ ತಿರುಗಿಸಿದ್ರೆ ಟಕ್ ಅಂತು ಅಷ್ಟೇ. ಇಂಜಿನ್ ಅಲ್ಲಾಡ್ಲಿಲ್ಲ. ಹಾರನ್ ಜೋರಾಗೇ ಹೊಡೀತಿದೆ, ಹೆಡ್‌ಲೈಟ್ ಹಾಕಿ ಕೀ ತಿರುಗಿಸಿದ್ರೂ ಲೈಟು ಒಂಚೂರೂ ಮಂಕಾಗ್ತಿಲ್ಲ. ನಂಗೆ ಫೋನ್ ಮಾಡಿ "ಅಣ್ಣ, ಸೆಲ್ಫ್ ಹೊಡೀತಿಲ್ಲ, ಇನ್ನೊಂದ್ ವಿಷ್ಯ, ಸ್ಟಾಪರ್ ಕೇಬಲ್ ಮುಟ್ಟಿದ್ರೆ ಬಿಸಿ ಐತೆ ಕಣಣ್ಣ" ಅಂದ. ಸ್ಟಾಪರ್ ಕೇಬಲ್ ಅಂದ್ರೆ ಇಂಜಿನ್ ಆಫ್ ಮಾಡಕ್ಕೆ ಕ್ಯಾಬಿನ್ ಒಳಗಿಂದ ಎಳಿಯೋ ತಂತಿ. ಈ ಎರಡನೇ ಮಾತು ನೆನಪಿಟ್ಕೊಳಿ, ಇಡೀ ಕಥೆ ಅಲ್ಲೇ ಇರೋದು.

ಅಷ್ಟರಲ್ಲಿ ಟೀ ಅಂಗಡಿಯೋರೇ ಒಬ್ಬನ್ನ ಕರೆಸಿದಾರೆ. ಬಂದೋನ ಕೈಲಿ ಮೀಟರ್ ಇಲ್ಲ, ಟೆಸ್ಟ್ ಲ್ಯಾಂಪೂ ಇಲ್ಲ, ಸ್ಪ್ಯಾನರ್ ಮಾತ್ರ ಐತೆ. ಕೀ ಒಂದ್ಸಲ ತಿರುಗಿಸಿ ನೋಡ್ದ, ಲೈಟ್ ನೋಡ್ದ, ಫೋನಲ್ಲಿ ನಂಗೆ "ಲೈಟ್ ಡಿಮ್ ಆಗ್ತಿಲ್ಲ ಅಂದ್ರೆ ಬ್ಯಾಟ್ರಿ ಸರಿ ಐತೆ ಸಾರ್, ಸೆಲ್ಫೇ ಹೋಗೈತೆ, ಆರ್ಮೇಚರ್ ಸುಟ್ಟಿರ್ತದೆ" ಅಂದ. ಆರ್ಮೇಚರ್ ಅಂದ್ರೆ ಸೆಲ್ಫ್ ಒಳಗೆ ತಿರುಗೋ, ತಂತಿ ಸುತ್ತಿರೋ ಭಾಗ. ಕೇಳಕ್ಕೆ ಲಾಜಿಕ್ ಸರಿಯಾಗೇ ಐತೆ ನೋಡಿ, ಅರ್ಧ ನಿಜಾನೂ ಹೌದು. ಸ್ಟಾಪರ್ ಕೇಬಲ್ ಬಿಸಿ ಆಗೈತಂತಲ್ಲ ಯಾಕೆ ಅಂತ ಕೇಳಿದ್ರೆ "ಅದೆಲ್ಲ ಇಂಜಿನ್ ಬಿಸಿ ಸಾರ್" ಅಂತ ಹಾರಿಸ್ಬಿಟ್ಟ. ಆಮೇಲೆ ಸೆಲ್ಫ್ ಬಿಚ್ಚಿ ಗೋಣಿಚೀಲದಲ್ಲಿ ಸುತ್ಕೊಂಡು ರಿವೈಂಡಿಂಗ್ (ತಂತಿ ಹೊಸದಾಗಿ ಸುತ್ಸೋದು) ಮಾಡಿಸ್ಕೊಂಡು ಬರ್ತೀನಿ ಅಂತ ಬೈಕಲ್ಲಿ ಹೋದೋನು ಕತ್ತಲಾಗೋ ಹೊತ್ತಿಗೆ ಬಂದ, ಗಾಡಿ ಕೆಳಗೆ ಮಲ್ಗಿ ಫಿಟ್ ಮಾಡ್ದ, ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು, 6,500 ಕೈಗೆ ಹಾಕ್ಸ್ಕೊಂಡು ಹೊರಟ. ಬಿಲ್ ಅಂತ ಕೊಟ್ಟಿದ್ದು ಹೆಸ್ರು ನಂಬರ್ ಏನೂ ಇಲ್ದೆ ಇರೋ ಚೀಟಿ.

ಹಾಸನಕ್ಕೆ ಬಂದು ಅನ್‌ಲೋಡಿಂಗ್ ಕ್ಯೂನಲ್ಲಿ ನಿಲ್ಸಿ ಆಫ್ ಮಾಡಿದಾನೆ, ಮತ್ತೆ ಅದೇ ಟಕ್.

ಈ ಸಲ ನಮ್ಗೆ ಗೊತ್ತಿರೋ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ರನ್ನ ನಾನೇ ಕರ್ಕೊಂಡ್ ಹೋದೆ. ಅವ್ರು ಏನೂ ಬಿಚ್ಲಿಲ್ಲ. ಗಾಡಿ ನ್ಯೂಟ್ರಲಲ್ಲಿ ಐತಾ, ಹ್ಯಾಂಡ್ ಬ್ರೇಕ್ ಎಳ್ದಿದೀರಾ ಅಂತ ಕೇಳಿದ್ರು, ಜಂಪರ್ ಕೇಬಲ್ಲಿನ ಒಂದ್ ಕ್ಲಿಪ್ಪು ಬ್ಯಾಟ್ರಿ ಮೈನಸ್‌ಗೆ ಹಾಕಿದ್ರು, ಇನ್ನೊಂದನ್ನ ಇಂಜಿನ್ ಮೇಲೆ ಪೇಂಟ್ ಇಲ್ದಿರೋ ಕಬ್ಬಿಣಕ್ಕೆ ಕಚ್ಚಿಸಿ "ಈಗ ಹೊಡಿಯಪ್ಪ" ಅಂದ್ರು. ಜುಯ್ ಅಂತ ತಿರುಗಿ ಸ್ಟಾರ್ಟ್ ಆಗೋಯ್ತು. ಸೆಲ್ಫೂ ಅಲ್ಲ ಬ್ಯಾಟ್ರೀನೂ ಅಲ್ಲ, ಅರ್ತ್ ಕಣ್ರಪ್ಪ ಅಂದ್ರು. ಅರ್ತ್ ಅಂದ್ರೆ ಕರೆಂಟು ಬ್ಯಾಟ್ರಿ ಮೈನಸ್‌ಗೆ ವಾಪಸ್ ಬರೋ ದಾರಿ.

ವಿಷ್ಯ ಏನಂದ್ರೆ, ನಮ್ ಗಾಡೀಲಿ ಬ್ಯಾಟ್ರಿ ಮೈನಸ್ ಹೋಗೋದು ಚಾಸಿಗೆ (ಗಾಡಿ ಕೆಳಗಿನ ಕಬ್ಬಿಣದ ಫ್ರೇಮು). ಇಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ಅದಕ್ಕೆ ಚಾಸಿಯಿಂದ ಇಂಜಿನ್‌ಗೆ ಬೇರೆ ಒಂದು ದಪ್ಪ ಹೆಣೆದಿರೋ ತಾಮ್ರದ ಪಟ್ಟಿ ಇರ್ತದೆ. ಲೈಟು ಹಾರನ್ನು ಎಲ್ಲ ಚಾಸಿ ಬಾಡಿಯಿಂದ್ಲೇ ಅರ್ತ್ ತಗೊಳೋದ್ರಿಂದ ಅವು ಜಮ್ಮಂತ ಕೆಲ್ಸ ಮಾಡ್ತವೆ. ಸೆಲ್ಫ್ ಮಾತ್ರ ಇಂಜಿನ್ ಮೇಲೆ ಇರೋದು, ಅದು ಎಳಿಯೋ ನೂರಾರು ಆಂಪಿಯರ್ ಕರೆಂಟೆಲ್ಲ ಆ ಪಟ್ಟಿ ಮೂಲಕಾನೇ ವಾಪಸ್ ಬರ್ಬೇಕು. ಪಟ್ಟಿ ಕೆಟ್ಟಿದ್ರೆ ಕರೆಂಟು ಬೇರೆ ದಾರಿ ಹುಡುಕ್ತದೆ, ಇಂಜಿನ್‌ನಿಂದ ಕ್ಯಾಬಿನ್‌ಗೆ ಬರೋ ಸ್ಟಾಪರ್ ಕೇಬಲ್ಲೋ ಆಕ್ಸಿಲೇಟರ್ ಕೇಬಲ್ಲೋ ಸಿಕ್ತದೆ, ಆ ಸಣ್ಣ ತಂತಿ ತಡ್ಕೊಳಕ್ಕಾಗ್ದೆ ಬಿಸಿ ಆಗ್ತದೆ. ಜಾಸ್ತಿ ಹೊತ್ತು ಹೊಡೀತಾ ಇದ್ರೆ ಹೊಗೆ ಬಂದು ಸುಟ್ಟೋಗ್ತದೆ. ಡ್ರೈವರ್ ಮೊದಲ್ನೇ ಫೋನಲ್ಲೇ ಇದನ್ನ ಹೇಳಿದ್ದ, ಸೆಲ್ಫ್ ಬಿಚ್ಚಿದೋನು ಕಿವಿಗೇ ಹಾಕ್ಕೊಳ್ಲಿಲ್ಲ.

ಪಟ್ಟಿ ಬಿಚ್ಚಿ ನೋಡಿದ್ರೆ ಚಾಸಿ ಕಡೆ ಬೋಲ್ಟ್ ಕೆಳಗೆ ಪೇಂಟು. ಎಫ್‌ಸಿಗೆ (ಫಿಟ್ನೆಸ್ ಸರ್ಟಿಫಿಕೇಟು) ಅಂತ ಚಾಸಿಗೆ ಪೇಂಟ್ ಹೊಡ್ಸಿದ್ವಿ, ಪೇಂಟರ್ ಪಟ್ಟಿ ಬಿಚ್ಚಿ ಬಣ್ಣ ಬಳ್ದು ಅದರ ಮೇಲೇ ವಾಪಸ್ ಟೈಟ್ ಮಾಡಿದಾನೆ. ಬೋಲ್ಟಿನ ಥ್ರೆಡ್ ಮೂಲಕ ಅಷ್ಟಿಷ್ಟು ಕಾಂಟ್ಯಾಕ್ಟ್ ಇತ್ತು, ಮಲೆನಾಡಿನ ಮಳೇಲಿ ಅದೂ ತುಕ್ಕು ಹಿಡೀತು. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗ್ಬೇಕಲ್ಲ, ಹಂಗಾಗಿ ಹಳೇ ಗಾಡಿಗಳಲ್ಲಿ ಇದು ಎಷ್ಟು ಜನಕ್ಕೆ ಆಗಿರ್ಬೋದು ಲೆಕ್ಕ ಹಾಕಿ. ಬಾಳ್ಳುಪೇಟೇಲಿ ಯಾಕೆ ಸ್ಟಾರ್ಟ್ ಆಯ್ತು ಅಂದ್ರೆ, ಅವನು ಕೆಳಗೆ ಮಲ್ಗಿ ಎಳದಾಡುವಾಗ ಪಟ್ಟಿ ಅಲ್ಲಾಡಿರ್ತದೆ ಅಷ್ಟೇ ಅಂದ್ರು ಅವ್ರು. ಉಜ್ಜು ಕಾಗದದಲ್ಲಿ ಕಬ್ಬಿಣ ಹೊಳಿಯೋ ತನಕ ಉಜ್ಜಿ, ಹೊಸ ಪಟ್ಟಿ ಹಾಕಿ, ಟೈಟ್ ಮಾಡಿದ್ಮೇಲೆ ಮೇಲಿಂದ ಗ್ರೀಸ್ ಬಳ್ದ್ರು. ಪಟ್ಟಿಗೆ 250 ಆಯ್ತು, ಕೂಲಿ ಬೇಡ ಅಂದ್ರು, ಬಲವಂತವಾಗಿ ಜೇಬಿಗೆ ಹಾಕ್ಬೇಕಾಯ್ತು.

ಆದ್ರೆ ಇದಕ್ಕಿಂತ ಹೊಟ್ಟೆ ಉರಿಯೋದು ಇನ್ನೊಂದೈತೆ. ಟಾರ್ಚ್ ಬಿಟ್ಟು ಸೆಲ್ಫ್ ನೋಡಿದ್ರೆ ಅದು ನಮ್ದಲ್ಲವೇ ಅಲ್ಲ! ನಮ್ದರ ಮೇಲೆ ಕಂಪ್ನಿ ಪ್ಲೇಟ್ ಇತ್ತು, ಇದರ ಮೇಲೆ ಸಿಲ್ವರ್ ಪೇಂಟ್ ಬಿಟ್ರೆ ಏನೂ ಇಲ್ಲ. ಕಂಪ್ನಿ ಸೆಲ್ಫ್ ಎತ್ಕೊಂಡು ಯಾವ್ದೋ ಗುಜರಿ ಮಾಲು ಹಾಕಿ ಮೇಲಿಂದ ದುಡ್ಡೂ ತಗೊಂಡಿದಾನೆ. ಫೋನ್ ಮಾಡಿದ್ರೆ "ನಿಮ್ದೇ ಸಾರ್ ಅದು, ಪೇಂಟ್ ಮಾಡಿದೀನಿ" ಅಂದ, ಆಮೇಲೆ ನಂಬರ್ ಸ್ವಿಚ್ ಆಫು.

ಹಂಗಾಗಿ ಲೋಡ್ ಮೇಲಿರ್ಲಿ ಏನೇ ಇರ್ಲಿ, ಟಕ್ ಅಂದಾಗ ಮೊದ್ಲು ಲೈಟ್ ನೋಡಿ. ಕೀ ತಿರುಗಿಸಿದ ತಕ್ಷಣ ಲೈಟ್ ಸತ್ತೋಗ್ತದೆ ಅಂದ್ರೆ ಹೆಚ್ಚಾಗಿ ಬ್ಯಾಟ್ರಿ ಇಲ್ಲಾ ಟರ್ಮಿನಲ್. ಟರ್ಮಿನಲ್ ಕೈಲಿ ತಿರುಗಿಸಿದ್ರೆ ತಿರುಗ್ತದಾ ನೋಡಿ, ಬೂಷ್ಟು ಹಿಡಿದಂಗೆ ಬಿಳೀ ಪುಡಿ ಇದ್ರೆ ಬಿಸಿನೀರು ಹಾಕಿ ತೊಳೀರಿ. ಲೈಟ್ ಹಂಗೇ ಇದ್ದು ಟಕ್ ಅಂದ್ರೆ ಸೊಲೆನಾಯ್ಡ್ (ಕೀ ತಿರುಗಿಸಿದಾಗ ಸೆಲ್ಫಿಗೆ ಕರೆಂಟ್ ಬಿಡೋ ಸ್ವಿಚ್ಚು) ಕಾಂಟ್ಯಾಕ್ಟ್, ಸೆಲ್ಫ್, ಅರ್ತ್ ಮೂರರಲ್ಲಿ ಒಂದು. ಅರ್ತ್ ಚೆಕ್ ಮಾಡಕ್ಕೆ ಮೇಲೆ ಹೇಳಿದ ಜಂಪರ್ ಕೇಬಲ್ ಸಾಕು, ಎರಡು ನಿಮಿಷದ ಕೆಲ್ಸ. ಮೀಟರ್ ಇದ್ರೆ ಇನ್ನೂ ಒಳ್ಳೇದು: 12 ವೋಲ್ಟ್ ಬ್ಯಾಟ್ರಿ ಸುಮ್ನೆ ಇದ್ದಾಗ 12.6 ಹತ್ರ ತೋರಿಸ್ಬೇಕು. ಆಮೇಲೆ ಒಂದ್ ಕಡ್ಡಿ ಬ್ಯಾಟ್ರಿ ಮೈನಸ್‌ಗೆ ಒಂದ್ ಕಡ್ಡಿ ಇಂಜಿನ್‌ಗೆ ಇಟ್ಟು ಸೆಲ್ಫ್ ಹೊಡ್ಸಿ, ಅರ್ಧ ವೋಲ್ಟಿಗಿಂತ ಜಾಸ್ತಿ ಬಂದ್ರೆ ಅರ್ತ್ ಸರಿ ಇಲ್ಲ. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟ್ರಿ ಸೇರಿ 24 ವೋಲ್ಟ್, ಅಲ್ಲಿ ಕಾರಿಂದ ಜಂಪ್ ಕೊಡಕ್ಕೆ ಮಾತ್ರ ಹೋಗ್ಬೇಡಿ. ಸೆಲ್ಫಿಗೆ ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡೋ ಶೂರರೂ ಇದಾರೆ, ಗಾಡಿ ಗೇರಲ್ಲಿದ್ರೆ ಸ್ಟಾರ್ಟ್ ಆಗಿ ಕೆಳಗಿರೋನ ಮೇಲೇ ಹತ್ತೋಗ್ತದೆ.

ಯಾವ್ದೇ ಪಾರ್ಟ್ ಬಿಚ್ಚಿ ಹೊರಗೆ ತಗೊಂಡ್ ಹೋಗೋ ಹಂಗಿದ್ರೆ ಪ್ಲೇಟ್ ನಂಬರ್ ಕಾಣೋ ಹಂಗೆ ಫೋಟೋ ತೆಗೀರಿ, ಗುರ್ತಿಗೆ ಎಲ್ಲಾದ್ರೂ ಒಂದ್ ಗೀರು ಹಾಕಿ, ಆಗಿದ್ರೆ ಡ್ರೈವರನ್ನ ಜೊತೇಲೇ ಕಳ್ಸಿ. ಸುಟ್ಟೋಗೈತೆ ಅಂದ್ರೆ ಸುಟ್ಟ ಆರ್ಮೇಚರ್ ತೋರ್ಸು ಅನ್ನಿ, ಸುಟ್ಟಿರೋದು ವಾಸನೇಲೇ ಗೊತ್ತಾಗ್ತದೆ.

ಅವನು ಹಾಕಿದ ಸೆಲ್ಫ್ ಈಗ್ಲೂ ಗಾಡೀಲೇ ಐತೆ. ಹೊಡಿಯುವಾಗ ಕಿರ್ರ್ ಅಂತ ಹಲ್ಲು ಉಜ್ಜೋ ಶಬ್ದ ಶುರುವಾಗೈತೆ, ಹಿಂಗೇ ಬಿಟ್ರೆ ಫ್ಲೈವೀಲ್ ರಿಂಗಿಗೂ (ಸೆಲ್ಫ್ ಕಚ್ಕೊಂಡು ಇಂಜಿನ್ ತಿರುಗಿಸೋ ಹಲ್ಲಿನ ಚಕ್ರ) ಏಟು ಅಂತ ಎಲೆಕ್ಟ್ರಿಷಿಯನ್ ಹೇಳಿದಾರೆ. ಚೆರಿ ಲೋಡ್ ಇನ್ನೂ ಬಾಕಿ ಐತೆ, ಅದು ಮುಗಿದ್ಮೇಲೆ ಹೊಸಾದು ಹಾಕಿಸ್ಬೇಕು. ಹಾಸನದಲ್ಲಿ ಬಿಲ್ ಕೊಟ್ಟು ಕಂಪ್ನಿ ಸೆಲ್ಫ್ ಮಾರೋ ಅಂಗಡಿ ಯಾರಿಗಾದ್ರೂ ಗೊತ್ತಿದ್ರೆ ತಿಳ್ಸಿ.