ಸಮೀರ್ ಆಪ್: ಬಣ್ಣ ನಂಬಬೇಡಿ, ಅಂಕಿ ನೋಡಿ

ಪೌರಕಾರ್ಮಿಕರ ಸಂಘದ ಕೆಲಸಕ್ಕೆ ಓಡಾಡುವವಳು ನಾನು. ದಿನಾ ಬಳಸುವ ಆಪ್‌ಗಳಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಒಂದು. ದುಡ್ಡು ಕೊಡಬೇಕಿಲ್ಲ. ಪೀಣ್ಯ, ಹೆಬ್ಬಾಳ, ಸಿಲ್ಕ್ ಬೋರ್ಡ್, ಬಾಪೂಜಿನಗರ ಹೀಗೆ ಗಾಳಿ ಅಳೆಯುವ ಒಂದು ಕೇಂದ್ರ ಆರಿಸಿದರೆ ಅಲ್ಲಿನ ಗಾಳಿಯ ಸೂಚ್ಯಂಕ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅನ್ನುವ ಅಂಕಿ, ಬಣ್ಣದ ಸಮೇತ ಬರುತ್ತದೆ.

ಇದರ ದೊಡ್ಡ ಗುಣ ಅಂದರೆ ಇದು ಸರ್ಕಾರದ್ದೇ ಅಂಕಿ. ಮನವಿ ಪತ್ರದ ಜೊತೆ ಇಟ್ಟರೆ 'ಇದೆಲ್ಲಿಂದ ತಂದ್ರಿ?' ಅಂತ ಯಾರೂ ಕೇಳುವ ಹಾಗಿಲ್ಲ. ಖಾಸಗಿ ಆಪ್‌ಗಳು ನೋಡಲು ಚೆಂದ ಇರಬಹುದು, ಅಧಿಕಾರಿಯ ಮೇಜಿನ ಮುಂದೆ ಈ ಬಲ ಅವಕ್ಕಿಲ್ಲ.

ಆದರೆ ಬಣ್ಣದ ವಿಷಯದಲ್ಲಿ ಹುಷಾರು. ಸೂಚ್ಯಂಕ 50ರವರೆಗೆ ಹಸಿರು, ಅಂದರೆ 'ಉತ್ತಮ'. 51ರಿಂದ 100 ತಿಳಿಹಸಿರು, 'ತೃಪ್ತಿಕರ'. ಪಿಎಂ 2.5 ಅನ್ನುವ ಸಣ್ಣ ದೂಳಿನ ಲೆಕ್ಕದಲ್ಲಿ ಸೂಚ್ಯಂಕ 50 ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ 30 ಮೈಕ್ರೋಗ್ರಾಂ, 100 ಅಂದರೆ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ ಬರೀ 15! ನಮ್ಮ 60ರ ಮಿತಿ 2009ರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ನಾಲ್ಕು ಪಟ್ಟು ದೂಳು ಕುಡಿದರೂ ಆಪ್ 'ತೃಪ್ತಿಕರ' ಅನ್ನುತ್ತದೆ. ಯಾರಿಗೆ ತೃಪ್ತಿ? ಬೆಂಗಳೂರಿನ ಎಷ್ಟೋ ದಿನಗಳು ಈ ತಿಳಿಹಸಿರಲ್ಲೇ ಕಳೆದುಹೋಗುತ್ತವೆ. ಹಾಗಾಗಿ ಗಾಳಿಯ ಮಾತು ಚುನಾವಣೆಗೂ ಬರುವುದಿಲ್ಲ, ವಿಧಾನಸೌಧದಲ್ಲೂ ಬಿಸಿ ಏರುವುದಿಲ್ಲ.

ನನಗೆ ಜಾಸ್ತಿ ಸಂಕಟ ಆಗುವುದು ಇನ್ನೊಂದಕ್ಕೆ. ದೂಳಿನ ಸೂಚ್ಯಂಕ ಹಿಂದಿನ 24 ಗಂಟೆಯ ಸರಾಸರಿ. ಬೆಳಕು ಹರಿಯುವ ಹೊತ್ತಿಗೆ ರಸ್ತೆ ಗುಡಿಸುವವರ ಮೂಗಿನ ಮುಂದೆ ಏಳುವ ದೂಳು ಆ ಸರಾಸರಿಯಲ್ಲಿ ಕರಗಿಹೋಗುತ್ತದೆ. ಅವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು. 2022ರ ಜುಲೈನಲ್ಲಿ ಮುಷ್ಕರ ಮಾಡಿದ ಮೇಲೆ ಅವರ ಕೆಲಸ ಕಾಯಂ ಆಗುವ ಮಾತು ಬಂತು. ಅವರು ಉಸಿರಾಡುವ ಗಾಳಿಯ ಮಾತು ಇನ್ನೂ ಬಂದಿಲ್ಲ. ಅಳೆಯುವ ಯಂತ್ರ ಒಂದು ಕಡೆ ನಿಂತಿರುತ್ತದೆ, ಪೊರಕೆ ಹಿಡಿದವರು ಇನ್ನೆಲ್ಲೋ ಇರುತ್ತಾರೆ, ಅಲ್ವಾ?

ಬೆಂಗಳೂರಿನ ಆಚೆ ಹೋದರೆ ಕೇಂದ್ರಗಳೇ ಕಮ್ಮಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ದಾವಣಗೆರೆ, ಕಲಬುರಗಿ, ಹುಬ್ಬಳ್ಳಿ-ಧಾರವಾಡವೂ ಇವೆ. ಅಲ್ಲಿನ ಕೇಂದ್ರಗಳನ್ನು ಕೈಬೆರಳಲ್ಲೇ ಎಣಿಸಬಹುದು.

ಇಷ್ಟಾದರೂ ಇಳಿಸಿಕೊಳ್ಳಿ ಅಂತಲೇ ಹೇಳುತ್ತೇನೆ. ಹಸಿರು ಕಂಡ ತಕ್ಷಣ ಸುಮ್ನೆ ಮುಚ್ಚಬೇಡಿ, ಕೇಂದ್ರದ ಹೆಸರು ಒತ್ತಿ ಒಂದೊಂದು ಮಾಲಿನ್ಯದ ಅಂಕಿ ನೋಡಿ. ದಿನಾಂಕ, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಮಾಸ್ಕ್ ಕೊಡಿ, ಆರೋಗ್ಯ ತಪಾಸಣೆ ಮಾಡಿಸಿ ಅಂತ ವಾರ್ಡ್ ಕಚೇರಿಗೆ ಬರೆಯುವಾಗ ಅದನ್ನೇ ಲಗತ್ತಿಸಿ.