ಮಲೆನಾಡಿನ ಹಿತ್ತಲಿಗೆ ಸೋಲಾರ್ ಬೇಲಿ: ನಾಲ್ಕೈದು ಮಳೆಗಾಲದ ಅನುಭವ

ಮನೆ ಹಿಂದಿನ ತರಕಾರಿ ಹಿತ್ತಲಿಗೆ ಸೋಲಾರ್ ಬೇಲಿ ಹಾಕಿಸಬಹುದಾ ಎಂದು ಕೇಳುವವರು ಈಗ ಜಾಸ್ತಿ. ಹಾಕಿಸಿ, ಆದರೆ ದಿನಾ ಬೇಲಿ ಸುತ್ತ ಒಂದು ಸಲ ಓಡಾಡುವವರು ಮನೆಯಲ್ಲಿ ಇದ್ದರೆ ಮಾತ್ರ. ಮಷಿನ್ ತಂದಿಟ್ಟು ಮರೆತುಬಿಡುವವರಿಗೆ ಇದು ಆಗುವುದಿಲ್ಲ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗಿರುವ ಊರು. ಹಿತ್ತಲು ಹತ್ತಿರ ಹತ್ತಿರ ಐದು ಗುಂಟೆ. ಮಳೆಗಾಲಕ್ಕೆ ಸೌತೆ, ಹೀರೆ, ಹಾಗಲ, ಬೆಂಡೆ. ಬೇಸಿಗೆಗೆ ಅಲಸಂದೆ, ಹರಿವೆ, ಬದನೆ. ಅಂಚಿನಲ್ಲಿ ಕೆಸು, ಸುವರ್ಣಗೆಡ್ಡೆ, ಗೆಣಸು. ಕಡವೆ ಬಂದರೆ ಚಿಗುರನ್ನೆಲ್ಲ ಮೇಯ್ದು ಹೋಗುತ್ತದೆ. ಕಾಡುಕುರಿಗೆ ಅಲಸಂದೆ ಅಂದರೆ ಪ್ರಾಣ. ಹಂದಿ ಗೆಡ್ಡೆ ಅಗೆಯುತ್ತದೆ, ಮುಳ್ಳುಹಂದಿಯೂ ಅದಕ್ಕೇ ಬರುತ್ತದೆ. ಮೊಲ, ನವಿಲು, ಮಂಗ ಬೇರೆ. ಮೊದಲು ಬಿದಿರು ಬೇಲಿ ಇತ್ತು, ಅದಕ್ಕೆ ಹಳೇ ಸೀರೆ ಸುತ್ತುತ್ತಿದ್ದೆವು. ಸೀರೆಗೆ ಹಂದಿ ಸ್ವಲ್ಪ ದಿನ ಹೆದರುತ್ತದೆ. ರೂಢಿಯಾದ ಮೇಲೆ ಸೀರೆ ಸಮೇತ ನುಗ್ಗುತ್ತದೆ. ಬಿದಿರು ಬೇಲಿಯನ್ನು ವರ್ಷ ವರ್ಷ ಕಟ್ಟಬೇಕು, ಈಗ ಕಟ್ಟುವ ಆಳು ಸಿಗುವುದಿಲ್ಲ. ಚೈನ್‌ಲಿಂಕ್, ಅಂದರೆ ಹೆಣೆದ ತಂತಿಜಾಲರಿಯ ಬೇಲಿ ಹಾಕಿಸಲು ದರ ಕೇಳಿದರೆ ಸೋಲಾರ್ ಬೇಲಿಯ ಎರಡರಷ್ಟಕ್ಕಿಂತ ಮೇಲಿತ್ತು.

ಸೋಲಾರ್ ಬೇಲಿಯ ತಂತಿಗೆ ಕರೆಂಟು ಬಿಡುವ ಮಷಿನ್‌ಗೆ ನಮ್ಮ ಕಡೆ ಝಟ್ಕಾ ಮಷಿನ್ ಅಂತಲೇ ಹೆಸರು. 12 ವೋಲ್ಟ್ ಬ್ಯಾಟರಿ, ಅದನ್ನು ಚಾರ್ಜ್ ಮಾಡಲು ಒಂದು ಪ್ಯಾನೆಲ್. ಸೆಕೆಂಡಿಗೆ ಒಂದು ಸಲದಂತೆ ತಂತಿಗೆ ಸಾವಿರಾರು ವೋಲ್ಟ್‌ನ ಹೊಡೆತ ಬಿಡುತ್ತದೆ. ಆದರೆ ಆ ಹೊಡೆತ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಚಿಕ್ಕದು. ಹಾಗಾಗಿ ಪ್ರಾಣಿಗೆ ನೋವಾಗಿ ಹೆದರುತ್ತದೆ, ಸಾಯುವುದಿಲ್ಲ. ಮನೆಯ ಕರೆಂಟನ್ನು ನೇರ ಬೇಲಿಗೆ ಕೊಡುವುದು ಪೂರಾ ಬೇರೆ ವಿಷಯ. ಅದು ಅಪರಾಧ. ಪ್ರಾಣಿಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ. ಯಾರಾದರೂ ಹಾಗೆ ಮಾಡುವ ಮಾತಾಡಿದರೆ ದಯವಿಟ್ಟು ಕೂರಿಸಿಕೊಂಡು ಬುದ್ಧಿ ಹೇಳಿ. ಝಟ್ಕಾ ಮಷಿನ್ನನ್ನೂ ಮುಳ್ಳುತಂತಿಗೆ ಜೋಡಿಸಬಾರದು. ಸಿಕ್ಕಿಕೊಂಡ ಪ್ರಾಣಿ ಬಿಡಿಸಿಕೊಳ್ಳಲು ಆಗದೆ ಹೊಡೆತ ತಿನ್ನುತ್ತಲೇ ಇರುತ್ತದೆ.

ನಮ್ಮ ಬೇಲಿಯಲ್ಲಿ ಐದು ಸಾಲು ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಇದೆ. ಕೆಳಗಿನದು ನೆಲದಿಂದ ಒಂದು ಗೇಣು, ಮೇಲಿನದು ಐದಡಿ. ಎಲ್ಲರೂ ಎತ್ತರದ ಬಗ್ಗೆ ಯೋಚಿಸುತ್ತಾರೆ. ನನಗೆ ಕಂಡಂತೆ ಮುಖ್ಯವಾಗಿದ್ದು ಕೆಳಗಿನ ಎರಡಡಿ. ಹಂದಿ ಹಾರುವುದು ಕಮ್ಮಿ, ಮೂಗು ತೂರಿಸಿ ನುಗ್ಗುತ್ತದೆ. ಆ ಒದ್ದೆ ಮೂಗಿಗೆ ತಂತಿ ತಾಗಬೇಕು. ಬೆನ್ನಿಗೆ ತಾಗಿದರೆ ಒರಟು ಕೂದಲು ತಡೆಯುತ್ತದೆ, ಅದು ಮುಂದಕ್ಕೇ ಹೋಗುತ್ತದೆ. ಕಾಡುಕುರಿಯೂ ಹಾರುವುದಕ್ಕಿಂತ ಕೆಳಗೆ ತೂರುವುದೇ ಜಾಸ್ತಿ. ಕಡವೆಗೆ ಐದಡಿ ದೊಡ್ಡದಲ್ಲ, ಮನಸ್ಸು ಮಾಡಿದರೆ ಹಾರುತ್ತದೆ. ಅದಕ್ಕೆ ಬೇಲಿಯ ಹೊರಗೆ ಮೂರಡಿ ದೂರದಲ್ಲಿ, ಮೊಣಕಾಲಿನ ಮೇಲೆ ಬರುವಷ್ಟು ಎತ್ತರಕ್ಕೆ ಇನ್ನೊಂದು ತಂತಿ ಎಳೆದಿದ್ದೇವೆ. ಎದುರಿಗೆ ಎರಡು ಸಾಲು ಕಂಡರೆ ಎಷ್ಟು ದೂರ ಹಾರಬೇಕು ಎಂಬ ಅಂದಾಜು ಜಿಂಕೆ ಜಾತಿಗೆ ಸಿಗುವುದಿಲ್ಲ. ಈ ಒಂದು ತಂತಿಯಿಂದ ಆದ ಉಪಕಾರ ದೊಡ್ಡದು. ಅದನ್ನು ಹಾಕಿದ ಮೇಲೆ ಕಡವೆ ಹೆಜ್ಜೆ ಹೊರಗಡೆಯೇ ಕಾಣುತ್ತದೆ, ಒಳಗೆ ಇಲ್ಲ.

ಇನ್ನು ಅರ್ಥಿಂಗ್. ಮಷಿನ್ ಯಾವ ಕಂಪನಿಯದು ಎನ್ನುವುದಕ್ಕಿಂತ ಇದೇ ದೊಡ್ಡ ವಿಷಯ. ಪ್ರಾಣಿ ತಂತಿ ಮುಟ್ಟಿದಾಗ ಕರೆಂಟು ಅದರ ಮೈಯಿಂದ ನೆಲಕ್ಕಿಳಿದು, ಅರ್ಥ್ ಸರಳಿನ ಮೂಲಕ ಮಷಿನ್‌ಗೆ ವಾಪಸ್ ಬರಬೇಕು. ಈ ದಾರಿ ಕೆಟ್ಟರೆ ತಂತಿಯಲ್ಲಿ ಎಷ್ಟು ವೋಲ್ಟ್ ಇದ್ದರೂ ಹೊಡೆತ ಮಾತ್ರ ಬೀಳುವುದಿಲ್ಲ. ನಮಗೆ ಬೇಲಿ ಹಾಕಿಕೊಟ್ಟವರು ಗಿಡ್ಡ ಸರಳು ಒಂದನ್ನು ಹುಗಿದು ಹೋದರು. ಮಳೆಗಾಲದಲ್ಲಿ ಎಲ್ಲ ಸರಿಯಿತ್ತು. ಮಾರ್ಚ್‌ನಲ್ಲಿ ಮಣ್ಣು ಒಣಗಿದ ಮೇಲೆ ಹಂದಿ ಆರಾಮಾಗಿ ಒಳಗೆ ಬಂತು. ಫೋನ್ ಮಾಡಿದರೆ ಮಷಿನ್ ಬದಲಿಸಿ ಎಂದರು. ಬೇಕಾಗಿದ್ದು ಮಷಿನ್ ಅಲ್ಲ, ಸರಳು. ಆರಡಿ ಉದ್ದದ ಮೂರು ಸರಳು, ಒಂದರಿಂದ ಒಂದಕ್ಕೆ ಹತ್ತಡಿ ದೂರ. ಬಚ್ಚಲ ನೀರು ಹರಿದುಹೋಗುವ ಕಡೆ ಹುಗಿದಿದ್ದೇವೆ. ಅಲ್ಲಿ ಬೇಸಿಗೆಯಲ್ಲೂ ತೇವ ಆರುವುದಿಲ್ಲ. ಆದರೆ ಮನೆಯ ಕರೆಂಟಿನ ಅರ್ಥ್‌ನಿಂದ ಹತ್ತು ಮೀಟರ್ ದೂರ ಇರಲೇಬೇಕು, ಇದನ್ನು ಮರೆಯಬೇಡಿ.

ಇನ್ನೊಂದು ಕೆಲಸವನ್ನೂ ಮಾಡಿದ್ದೇವೆ. ಬೇಲಿಯ ಬುಡಕ್ಕೆ ಎರಡಡಿಯ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಕಬ್ಬಿಣದ ಜಾಲರಿ) ಕಟ್ಟಿ, ಅದರಲ್ಲಿ ಅರ್ಧ ಅಡಿಯನ್ನು ಮಣ್ಣೊಳಗೆ ಹೂತಿದ್ದೇವೆ. ಮೆಶ್ಶನ್ನು ಅರ್ಥ್‌ಗೆ ಜೋಡಿಸಿದ್ದೇವೆ. ಝಟ್ಕಾ ತಂತಿ ಅದರಿಂದ ಒಂದು ಗೇಣು ಹೊರಗೆ, ಕರೆಂಟು ಹರಿಯಗೊಡದ ಇನ್ಸುಲೇಟರ್ ಮೇಲೆ ಓಡುತ್ತದೆ. ಮೆಶ್ ಮತ್ತು ತಂತಿ ಎರಡನ್ನೂ ಮುಟ್ಟಿದ ಪ್ರಾಣಿಗೆ ನೆಲ ಎಷ್ಟೇ ಒಣಗಿದ್ದರೂ ಹೊಡೆತ ಬೀಳುತ್ತದೆ. ಮೊಲಕ್ಕೂ ಮೆಶ್ಶೇ ಅಡ್ಡ. ಮುಳ್ಳುಹಂದಿ ಬರುವುದು ಕಡಿಮೆಯಾಗಿದೆ, ನಿಂತಿಲ್ಲ. ಅದರ ಮೈಮುಳ್ಳಿಗೆ ಶಾಕ್ ಸರಿಯಾಗಿ ಹತ್ತುವುದಿಲ್ಲ, ಅಗೆಯಲೂ ಬರುತ್ತದೆ.

ಮಳೆಗಾಲದ ಕಷ್ಟ ಬೇರೆಯೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ನಮ್ಮಲ್ಲಿ ಅದಕ್ಕಿಂತ ಕಮ್ಮಿ, ಆದರೂ ಹುಲ್ಲು ಬೆಳೆಯುವ ವೇಗ ನೋಡಬೇಕು. ಒದ್ದೆ ಹುಲ್ಲಿನ ಗರಿ ತಂತಿಗೆ ತಾಗಿದಲ್ಲೆಲ್ಲ ಕರೆಂಟು ಸೋರುತ್ತದೆ. ಸಣ್ಣ ವೋಲ್ಟ್ ಮೀಟರ್ ಒಂದನ್ನು ಮಷಿನ್ ಜೊತೆಗೇ ತನ್ನಿ. ಬೇಲಿಯ ಕೊನೆಯಲ್ಲಿ 4,000 ವೋಲ್ಟ್‌ಗಿಂತ ಕೆಳಗಿದ್ದರೆ ನಾನು ಕತ್ತಿ ಹಿಡಿದು ಹೊರಡುತ್ತೇನೆ. ಕತ್ತಿ ಆಡಿಸುವ ಮೊದಲು ಮಷಿನ್ ಆಫ್ ಮಾಡಬೇಕು. ಕಳೆನಾಶಕ ಹೊಡೆಯಿರಿ ಎಂದು ಸುಮಾರು ಜನ ಹೇಳಿದರು. ಮನೆಯವರು ತಿನ್ನುವ ತರಕಾರಿ ಪಕ್ಕದಲ್ಲಿ ವಿಷ ಹೊಡೆಯಲು ನನಗೆ ಮನಸ್ಸಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಪ್ಯಾನೆಲ್ ನಂಬಬೇಡಿ. ಬಿಸಿಲೂ ಇಲ್ಲ, ಗಾಜಿನ ಮೇಲೆ ಪಾಚಿ ಬೇರೆ. ಆಗ ಬ್ಯಾಟರಿಯನ್ನು ಮನೆ ಕರೆಂಟಿನಲ್ಲಿ ಚಾರ್ಜ್ ಮಾಡುವ ವ್ಯವಸ್ಥೆ ಬೇಕು. ಕೊಳ್ಳುವಾಗಲೇ ಅಂಥ ಚಾರ್ಜರ್ ಕೇಳಿ. ಮೊದಲ ಬ್ಯಾಟರಿ ಮೂರು ವರ್ಷ ದಾಟಿ ಕೈಕೊಟ್ಟಿತು, ಅದು ನ್ಯಾಯವೇ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ತಂತಿಯ ಕನೆಕ್ಷನ್ ಬಿಚ್ಚಿಡುವುದು ಒಳ್ಳೆಯದು. ಸಿಡಿಲಿಗೆ ಸುಟ್ಟ ಮಷಿನ್‌ಗೆ ವಾರಂಟಿ ಸಿಗುವುದು ಕಷ್ಟ.

ಮಂಗಕ್ಕೆ ಈ ಬೇಲಿ ಲೆಕ್ಕಕ್ಕಿಲ್ಲ. ಅಡಿಕೆ ಮರದಿಂದ, ಮಾಡಿನಿಂದ ನೇರ ಒಳಗೇ ಹಾರುತ್ತವೆ. ನವಿಲಿಗೂ ಅಷ್ಟೇ. ಸಸಿಮಡಿಗೆ ಮೇಲೆ ಬಲೆ ಹಾಕುವುದೊಂದೇ ದಾರಿ. ಆದರೆ ಬಲೆಯ ಬಗ್ಗೆ ಒಂದು ಮಾತು. ತೆಳು ನೈಲಾನ್ ಬಲೆ ನೆಲದವರೆಗೆ ಇಳಿಬಿಟ್ಟರೆ ಕೇರೆಹಾವು ಸಿಕ್ಕಿಕೊಳ್ಳುತ್ತದೆ. ಒದ್ದಾಡಿದಷ್ಟೂ ದಾರ ಮೈಗೆ ಕೊರೆಯುತ್ತದೆ. ಇಲಿ ಹಿಡಿಯುವ ಹಾವು ಹಿತ್ತಲಿನಲ್ಲಿ ಹೀಗೆ ಸಾಯುವುದು ನೋಡಲಾಗುವುದಿಲ್ಲ. ಬಲೆಯನ್ನು ನೆಲದಿಂದ ಒಂದಡಿ ಮೇಲಕ್ಕೆ ಬಿಗಿಯಾಗಿ ಕಟ್ಟಿ, ಕೆಳಗೆ ಗಟ್ಟಿ ಮೆಶ್ ಹಾಕಿ. ಬೇಡವಾದ ಮೇಲೆ ಬಲೆ ಸುತ್ತಿ ಒಳಗಿಡಿ.

ಮೊದಲು ದಣಪೆ (ಗಳ ಸರಿಸಿ ದಾಟುವ ಬೇಲಿಬಾಗಿಲು) ಇದ್ದ ಜಾಗದಲ್ಲಿ ಈಗ ಸ್ಪ್ರಿಂಗ್ ಹಿಡಿಕೆಯ ಗೇಟು. ಅದರ ಕೆಳಗಿನ ನೆಲ ಓಡಾಡಿ ಓಡಾಡಿ ತಗ್ಗಾಗುತ್ತದೆ. ಹಂದಿ ಆ ತಗ್ಗನ್ನೇ ಹುಡುಕುತ್ತದೆ. ಅಲ್ಲೊಂದು ಚಪ್ಪಡಿ ಕಲ್ಲು ಹಾಸಿ. ಮಕ್ಕಳಿಗೆ ಬೇಲಿ ತೋರಿಸಿ ಹೇಳಿಕೊಡಿ, ಎಚ್ಚರಿಕೆಯ ಬೋರ್ಡ್ ತೂಗುಹಾಕಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಮೊದಲು ಡಾಕ್ಟರ ಹತ್ತಿರ ಕೇಳಿ.

ಇನ್ನೊಮ್ಮೆ ಕೊಳ್ಳುವುದಾದರೂ ನಾನು ಇದನ್ನೇ ಕೊಳ್ಳುತ್ತೇನೆ. ಐದು ಗುಂಟೆಗೆ ಸಣ್ಣ ಮಷಿನ್ ಧಾರಾಳ ಸಾಕು. ಅಂಗಡಿಯವರು ಎಕರೆಗಟ್ಟಲೆಯ ಮಷಿನ್ ತೋರಿಸಿದರೆ ಬೇಡ ಎನ್ನಿ, ಆ ದುಡ್ಡನ್ನು ಮೆಶ್ ಮತ್ತು ಅರ್ಥ್ ಸರಳಿಗೆ ಹಾಕಿ. ಕೆಲಸವನ್ನು ನವೆಂಬರ್‌ನಲ್ಲಿ ಶುರು ಮಾಡಿ. ಆಗ ಗೂಟ ಹುಗಿಯಲು ಮಣ್ಣು ಇನ್ನೂ ಮೆತ್ತಗಿರುತ್ತದೆ. ಅಲಸಂದೆ ಬೀಜ ಹಾಕುವ ಹೊತ್ತಿಗೆ ಬೇಲಿ ನಿಂತಿರುತ್ತದೆ.