ಶಿರಸಿಯ ತೋಟದ ಮನೆಯಲ್ಲಿ ಎರಡು ರಾತ್ರಿ: ಬಿಡುವಿಲ್ಲದ ಕುಟುಂಬಕ್ಕೊಂದು ಹೋಮ್‌ಸ್ಟೇ

ಶಿರಸಿ ತಾಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ ನಡೆಯುತ್ತಿರುವ ಹೋಮ್‌ಸ್ಟೇಗೆ ಕಳೆದ ಜನವರಿಯಲ್ಲಿ ನಾವು ಐದು ಜನ ಹೋಗಿ ಎರಡು ರಾತ್ರಿ ಉಳಿದು ಬಂದೆವು. ಕೋಣೆ, ಊಟ, ಬಾಡಿಗೆಗಳ ಬಗ್ಗೆ ಮುಂದೆ ಹೇಳುತ್ತೇನೆ. ನಾನು ಇದನ್ನು ಬರೆಯುತ್ತಿರುವುದು ಮುಖ್ಯವಾಗಿ, ಒಂದೇ ಸೂರಿನ ಕೆಳಗಿದ್ದೂ ಒಬ್ಬರೊಡನೊಬ್ಬರು ನೆಮ್ಮದಿಯಾಗಿ ಕೂತು ಮಾತನಾಡಲು ಹೊತ್ತು ಸಿಗದ ನಮ್ಮಂಥ ಮನೆಗಳವರಿಗಾಗಿ.

ನನ್ನ ಪತಿಗೆ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಪಾಳಿಯ ಕೆಲಸ. ಬೆಳಗಿನ ಪಾಳಿಯಿದ್ದಾಗ ಮಕ್ಕಳು ಏಳುವ ಮೊದಲೇ ಹೊರಡುತ್ತಾರೆ. ರಾತ್ರಿ ಪಾಳಿಯಿದ್ದಾಗ ಮಕ್ಕಳು ಶಾಲೆಯಿಂದ ಬಂದು ಉಂಡು ಓದಲು ಕೂರುವಷ್ಟರಲ್ಲಿ ಅವರು ಹೊರಡುವ ಹೊತ್ತಾಗಿರುತ್ತದೆ. ನಾನು ಮಲ್ಲಾಪುರದಿಂದ ಕಾರವಾರದ ಬ್ಯಾಂಕಿಗೆ ದಿನವೂ ಬಸ್ಸಿನಲ್ಲಿ ಓಡಾಡುವವಳು. ಮಗಳು ಒಂಬತ್ತನೇ ತರಗತಿ, ಮಗ ನಾಲ್ಕನೇ ತರಗತಿ, ಅತ್ತೆಯವರಿಗೆ 70 ದಾಟಿದೆ. ಇಷ್ಟು ದಿನ ರಜೆ ಎಂದರೆ ನಮಗೆ ಗೋಕರ್ಣ ಅಥವಾ ಮುರ್ಡೇಶ್ವರ ಎಂದೇ ಆಗಿತ್ತು. ಹೋಗುತ್ತಿದ್ದೆವು, ದೇವರ ದರ್ಶನ ಮಾಡುತ್ತಿದ್ದೆವು, ಕಡಲ ದಂಡೆಯಲ್ಲಿ ಫೋಟೊ ತೆಗೆಸಿಕೊಂಡು ಕತ್ತಲಾಗುವುದರೊಳಗೆ ಮರಳುತ್ತಿದ್ದೆವು. ಐವರೂ ಜೊತೆಗಿದ್ದೆವು ಎಂಬುದು ನಿಜವಾದರೂ, ಜೊತೆಯಾಗಿ ಏನನ್ನಾದರೂ ಮಾಡಿದೆವೆಂದು ಮಾರನೆಯ ದಿನ ನೆನೆಯುವಂಥದ್ದು ಕಡಿಮೆಯಿರುತ್ತಿತ್ತು.

ಶುಕ್ರವಾರ ಮಧ್ಯಾಹ್ನ ದೇವಿಮನೆ ಘಟ್ಟ ಹತ್ತಿ ನಾವು ಮನೆ ತಲುಪಿದಾಗ, ಮನೆಯೊಡತಿ ಕೈಕಾಲು ತೊಳೆಯಲು ನೀರು ಕೊಟ್ಟು, "ಆಸರಿಗೆ ಏನು ಕೊಡಲಿ?" ಎಂದು ಕೇಳಿ, ಬೆಲ್ಲ ಹಾಕಿದ ಕೋಕಂ ಪಾನಕ ತಂದರು. ಕೋಣೆಗಳು ಎರಡು, ಚೊಕ್ಕಟವಾಗಿದ್ದವು. ಮೊಬೈಲ್ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಬ್ಯಾಂಕಿನ ಕರೆಗಳಿಗೆ ಕಿವಿ ಕೊಟ್ಟೇ ಇರುವ ನನಗೆ ಮೊದಲ ಎರಡು ತಾಸು ಚಡಪಡಿಕೆಯಾಯಿತು, ಆಮೇಲೆ ಮರೆತೇಹೋಯಿತು.

ಸಂಜೆ ಯಜಮಾನರು ನಮ್ಮನ್ನು ತೋಟಕ್ಕೆ ಕರೆದೊಯ್ದರು. ಅಡಿಕೆ ಮರವನ್ನೇ ಸೀಳಿ ಹಾಕಿದ ಸಂಕ ದಾಟಿ ತೋಟದೊಳಗೆ ಇಳಿದರೆ, ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಅದರ ಕೆಳಗೆ ಏಲಕ್ಕಿ, ಪಕ್ಕದಲ್ಲಿ ಬಾಳೆ. ಈ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡನ್ನು, ಬಿಟ್ಟುಕೊಟ್ಟ ಪದ್ಧತಿ ಹಿಂದಿನಿಂದಲೂ ಇದೆಯೆಂದೂ, ಆ ಬೆಟ್ಟದ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಇಲ್ಲದಿದ್ದರೆ ತೋಟದ ಮಣ್ಣು ಬಡವಾಗುತ್ತದೆಂದೂ ಅವರು ವಿವರಿಸಿದರು. ಅಘನಾಶಿನಿ ಹುಟ್ಟುವುದು ಶಿರಸಿಯ ಶಂಕರ ಹೊಂಡದಲ್ಲಿ ಎಂದು ಅವರು ಹೇಳಿದಾಗ, ಮಗ ನಿಂತುಬಿಟ್ಟು, "ಅಪ್ಪ, ದಿವಗಿ ಸೇತುವೆ ಹತ್ತಿರ ಅಷ್ಟು ಅಗಲ ಇದೆಯಲ್ಲ, ಆ ಹೊಳೆಯಾ?" ಎಂದು ಕೇಳಿದ. ಹೌದು, ಅದೇ ಹೊಳೆ. ನನ್ನ ಪತಿ ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ಶಿರಸಿಯಿಂದ ಕಡಲಿನವರೆಗೆ ಹೊಳೆಯ ದಾರಿಯನ್ನು ಗೀಚಿ ತೋರಿಸುತ್ತಿದ್ದರು. ಅವರು ಮಗನ ಜೊತೆ ಹಾಗೆ ಕುಕ್ಕರುಗಾಲಿನಲ್ಲಿ ಕೂತು ಮಾತನಾಡಿದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಆ ರಾತ್ರಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ಅಂದು ಆ ತೋಟದಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ನಡೆದಿತ್ತು. ಕೆಂಪಡಿಕೆ ಮಾಡಲು ಹಸಿರಾಗಿರುವಾಗಲೇ ಕೊಯ್ದ ಅಡಿಕೆಯನ್ನು ಹೆಚ್ಚು ದಿನ ಇಡುವಂತಿಲ್ಲ. ಬೇಗ ಸುಲಿದು, ಚೊಗರಿನಲ್ಲಿ (ಅಡಿಕೆ ಬಿಡುವ ಒಗರಿನ ಕಂದು ರಸದಲ್ಲಿ) ಬೇಯಿಸಿ, ಒಣಗಿಸಬೇಕು. ಆದ್ದರಿಂದ ಊಟವಾದ ಮೇಲೆ ಊರಿನ ಏಳೆಂಟು ಜನ ಬಂದು, ಮಣೆಗೆ ಕೂರಿಸಿದ ಮೆಟ್ಟುಗತ್ತಿಗಳನ್ನು ಇಟ್ಟುಕೊಂಡು ಸಾಲಾಗಿ ಕೂತರು. ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ನೆಟ್ಟಗೆ ನಿಂತ ಅಲಗಿಗೆ ಕಾಯಿಯನ್ನು ಒತ್ತಿ, ಎರಡು ಸಲ ತಿರುಗಿಸುವಷ್ಟರಲ್ಲಿ ಸಿಪ್ಪೆ ಬೇರೆ, ಅಡಿಕೆ ಬೇರೆ. ಪ್ರವಾಸಿಗರಿಗೆ ತೋರಿಸಲೆಂದು ಏರ್ಪಡಿಸಿದ ಪ್ರದರ್ಶನ ಅದಾಗಿರಲಿಲ್ಲ. ನಾವು ಇರಲಿ ಬಿಡಲಿ, ಆ ರಾಶಿ ಮುಗಿಯಲೇಬೇಕಿತ್ತು. ಮಕ್ಕಳು ಕತ್ತಿ ಮುಟ್ಟಕೂಡದೆಂದು ಯಜಮಾನರು ಮೊದಲೇ ಖಡಾಖಂಡಿತವಾಗಿ ಹೇಳಿದ್ದು ನನಗೆ ಬಹಳ ಹಿಡಿಸಿತು. ಮಗನಿಗೆ ಸಿಪ್ಪೆಯನ್ನು ಬುಟ್ಟಿಗೆ ತುಂಬಿ ಹೊರಗೆ ಸುರಿಯುವ ಕೆಲಸ, ಮಗಳಿಗೆ ಸುಲಿದ ಅಡಿಕೆಯಲ್ಲಿ ಸಿಪ್ಪೆ ಉಳಿದದ್ದನ್ನೂ ಬಲಿತದ್ದನ್ನೂ ಬೇರೆ ಮಾಡುವ ಕೆಲಸ. ಪತಿ ಒಂದು ಮೆಟ್ಟುಗತ್ತಿಯ ಮುಂದೆ ಕೂತು ಅರ್ಧ ತಾಸಿನಲ್ಲಿ ಒಂದು ಸಣ್ಣ ಬೊಗಸೆಯಷ್ಟು ಸುಲಿದರು. ಪಕ್ಕದಲ್ಲಿದ್ದ ಹೆಂಗಸು ಅಷ್ಟರಲ್ಲಿ ಅರ್ಧ ಬುಟ್ಟಿ ಮುಗಿಸಿದ್ದರು.

ಕೈ ಕೆಲಸದಲ್ಲಿದ್ದಾಗ ಬಾಯಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಯಾರೋ ಯಕ್ಷಗಾನದ ಮಾತು ತೆಗೆದರು, ಯಾರೋ ಮಾರಿಜಾತ್ರೆಯ ಮಾತು ತೆಗೆದರು. ಅಂಕೋಲೆಯವರಾದ ನನ್ನ ಅತ್ತೆ, ಮನೆಯಲ್ಲಿ ಟಿವಿಯ ಮುಂದೆ ಸುಮ್ಮನೆ ಕೂರುವವರು, ಅಡಿಕೆ ಆರಿಸುತ್ತಾ ತಮ್ಮ ಅಜ್ಜನ ಕಥೆ ಹೇಳಿದರು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಅವರ ಅಜ್ಜ ಪಂಚೆಯ ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡು ಮನೆಗೆ ಬಂದಿದ್ದರಂತೆ, ಅಜ್ಜಿ ಅದನ್ನು ಅಡುಗೆಗೆ ಹಾಕದೆ ಭರಣಿಯಲ್ಲಿ ಎತ್ತಿಟ್ಟಿದ್ದರಂತೆ. ಮಗಳು ಕೈ ನಿಲ್ಲಿಸಿ, "ಅಜ್ಜಿ, ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದಳು. "ನೀವು ಯಾರೂ ಕೇಳಲಿಲ್ಲವಲ್ಲ ಮಗಾ" ಎಂದರು ಅತ್ತೆ. ಮದುವೆಯಾಗಿ 16 ವರ್ಷವಾದರೂ ನನಗೂ ಆ ಕಥೆ ಗೊತ್ತಿರಲಿಲ್ಲ. ಹನ್ನೊಂದು ಗಂಟೆಗೆ ನಾವು ಏಳುವಾಗ ಐವರ ಬೆರಳುಗಳೂ ಚೊಗರಿನಿಂದ ಕಂದು ಬಣ್ಣವಾಗಿದ್ದವು. ಸಾಬೂನಿಗೆ ಅದು ಜಗ್ಗಲಿಲ್ಲ.

ಊಟದ ಬಗ್ಗೆ ದೂರಲು ಏನೂ ಇಲ್ಲ. ಬಾಳೆಲೆಯ ಮೇಲೆ ಅನ್ನ, ಒಂದೆಲಗದ ತಂಬುಳಿ, ಜೀರಿಗೆ ಪರಿಮಳದ ಅಪ್ಪೆಮಿಡಿ ಉಪ್ಪಿನಕಾಯಿ, ಅಪ್ಪೆಹುಳಿ. ಮಗ ಅಪ್ಪೆಹುಳಿಯನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿದ.

ಶನಿವಾರದ ಏರ್ಪಾಡು ಮಾತ್ರ ನನಗೆ ಸರಿಬರಲಿಲ್ಲ. ಹೋಮ್‌ಸ್ಟೇಯವರ ಜೀಪಿನ ಪ್ಯಾಕೇಜಿನಲ್ಲಿ ಸಹಸ್ರಲಿಂಗ, ಉಂಚಳ್ಳಿ ಜಲಪಾತ, ಯಾಣ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದ್ದಾರೆ. ಒಂದೊಂದೂ ನೋಡಲೇಬೇಕಾದ ತಾಣವೇ. ಶಾಲ್ಮಲಾ ಹೊಳೆಯಲ್ಲಿ ನೀರು ಇಳಿದಾಗ ಬಂಡೆಗಳ ಮೇಲೆ ಕಾಣುವ ನೂರಾರು ಲಿಂಗಗಳ ನಡುವೆ ಮಕ್ಕಳು ಅರ್ಧ ದಿನ ಕಳೆಯಬಲ್ಲರು. ಅವರಿಗೆ ಸಿಕ್ಕಿದ್ದು ನಲವತ್ತು ನಿಮಿಷ. 116 ಮೀಟರ್ ಎತ್ತರದಿಂದ ಧುಮುಕುವ ಉಂಚಳ್ಳಿಯನ್ನು ವೀಕ್ಷಣಾ ಕಟ್ಟೆಯಿಂದ ಕಂಡು ಓಡೋಡಿ ಬಂದೆವು. ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡ ಮುಟ್ಟುವಷ್ಟರಲ್ಲಿ ಮಗನಿಗೆ ಕಾಲು ಸೋತಿತ್ತು, ಅತ್ತೆ ಜೀಪಿನಲ್ಲೇ ಉಳಿದಿದ್ದರು. ಮರಳುವಾಗ ಯಾರೂ ಮಾತನಾಡಲಿಲ್ಲ. ಹಿಂದಿನ ರಾತ್ರಿ ಒಂದೇ ಚಾಪೆಯ ಮೇಲಿದ್ದ ನಾವು ಮತ್ತೆ ಐದು ಬೇರೆ ಬೇರೆ ಜನರಾಗಿ ಕಿಟಕಿಗಳ ಕಡೆ ನೋಡುತ್ತಿದ್ದೆವು. ಒಂದು ದಿನಕ್ಕೆ ಒಂದೇ ಜಾಗ, ಅದೂ ಅರ್ಧ ದಿನ ಸಾಕೆಂದು ಮೊದಲೇ ಹೇಳಿಬಿಡಿ. ಕೇಳಿದರೆ ಅವರು ಒಪ್ಪುತ್ತಾರೆಂದು ಆಮೇಲೆ ತಿಳಿಯಿತು.

ಭಾನುವಾರ ಬೆಳಿಗ್ಗೆ ತೊಡದೇವು ಮಾಡುವುದನ್ನು ಕಲಿಸಿದರು. ಕಟ್ಟಿಗೆಯ ಒಲೆಯ ಮೇಲೆ ಗಡಿಗೆಯನ್ನು ಬೋರಲು ಹಾಕಿ ಕಾಯಿಸಿ, ಕಬ್ಬಿನ ಹಾಲಿನಲ್ಲಿ ಕಲಸಿದ ತೆಳ್ಳನೆಯ ಅಕ್ಕಿಹಿಟ್ಟಿಗೆ ಕೋಲಿಗೆ ಕಟ್ಟಿದ ಬಟ್ಟೆಯನ್ನು ಅದ್ದಿ, ಗಡಿಗೆಯ ಬೆನ್ನ ಮೇಲೆ ಒಂದೇ ಬೀಸಿನಲ್ಲಿ ಎಳೆಯಬೇಕು. ಕ್ಷಣದಲ್ಲಿ ಕಾಗದದಂತಹ ಹಾಳೆ ಏಳುತ್ತದೆ. ತುಪ್ಪ ಸವರಿ, ಬಿಸಿ ಆರುವ ಮೊದಲೇ ಮಡಚಬೇಕು, ತಡವಾದರೆ ಪುಡಿಯಾಗುತ್ತದೆ. ಬೀಸುವವರು ಒಬ್ಬರು, ತುಪ್ಪ ಸವರುವವರು ಒಬ್ಬರು, ಮಡಚುವವರು ಒಬ್ಬರು, ಒಲೆ ನೋಡುವವರು ಒಬ್ಬರು ಇಲ್ಲದಿದ್ದರೆ ಕೆಲಸ ಸಾಗುವುದಿಲ್ಲ. ಮಗಳು ಬೀಸಿದಳು, ನಾನು ಮಡಚಿದೆ. ಮೊದಲ ಆರು ಹರಿದುಹೋದವು. ಏಳನೆಯದು ಇಡಿಯಾಗಿ ಎದ್ದಾಗ ಅವಳು ಕೂಗಿದ ಕೂಗಿಗೆ ತೋಟದಲ್ಲಿದ್ದ ಅಪ್ಪ ಓಡಿ ಬಂದರು.

ಖರ್ಚಿನ ವಿಷಯ: ಊಟ, ತಿಂಡಿ ಸೇರಿ ತಲಾ ದಿನಕ್ಕೆ 1,800 ರೂಪಾಯಿ. ಮಗನಿಗೆ ಅರ್ಧ ದರವೆಂದು ಫೋನಿನಲ್ಲಿ ಹೇಳಿದ್ದರು, ಲೆಕ್ಕ ಮಾಡುವಾಗ ಪೂರ್ತಿ ಹಾಕಿದ್ದರು. ನೆನಪಿಸಿದ ಮೇಲೆ ಕಡಿಮೆ ಮಾಡಿದರು. ದರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಬಚ್ಚಲು ಮನೆಯ ಹೊರಗಿದೆ, ನಾಲ್ಕು ಮೆಟ್ಟಿಲು ಇಳಿಯಬೇಕು, ಹಿಡಿದುಕೊಳ್ಳಲು ಕಂಬಿಯಿಲ್ಲ. ರಾತ್ರಿ ಅತ್ತೆಯವರನ್ನು ಪ್ರತಿ ಸಲವೂ ಟಾರ್ಚ್ ಹಿಡಿದು ಕರೆದೊಯ್ಯಬೇಕಾಯಿತು. ವಯಸ್ಸಾದವರೂ ಬರುವ ಮನೆಯಲ್ಲಿ ಈ ಕೊರತೆ ಇರಬಾರದು, ಯಜಮಾನರಿಗೂ ಇದನ್ನು ಹೇಳಿ ಬಂದಿದ್ದೇನೆ.

ಹೋಗುವವರು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ, ಕೊನೆಕೊಯ್ಲು ಯಾವ ದಿನವೆಂದು ಕೇಳಿಕೊಂಡೇ ಹೋಗಿ. ಮಳೆಗಾಲದಲ್ಲಿ ಮಲೆನಾಡು ಎಷ್ಟೇ ಚೆಂದವಿದ್ದರೂ ಆಗ ಈ ಅಡಿಕೆ ಸುಲಿಯುವ ಕೆಲಸ ಇರುವುದಿಲ್ಲ. ಮುಂದಿನ ಕೊಯ್ಲಿಗೆ ನಾವು ಮೂರು ರಾತ್ರಿ ಕೇಳಿದ್ದೇವೆ, ಜೀಪು ಬೇಡವೆಂದಿದ್ದೇವೆ. ಪತಿ ಪಾಳಿ ಬದಲಾಯಿಸಿಕೊಳ್ಳಲು ಸಹೋದ್ಯೋಗಿಯೊಬ್ಬರೊಡನೆ ಈಗಲೇ ಮಾತನಾಡಿಟ್ಟಿದ್ದಾರೆ.